ಸಾಲ ತೀರಿಸಿದವರನ್ನು ಹುಡುಕುತ್ತ

ಬಾಡಿಗೆ ಮನೆಯ ಗೋಡೆಗೆ ಕದ್ದು ಮೊಳೆ ಹೊಡೆಯುವ ಸುಖ ನಿಮಗೆ ಗೊತ್ತೋ ಇಲ್ಲವೋ; ಬಳ್ಳಾರಿಯ ಬ್ರೂಸ್‌ಪೇಟೆಯ ಗಲ್ಲಿಯೊಂದರಲ್ಲಿದ್ದಾಗ ನಾನಂತೂ ಸುತ್ತಿಗೆಗೆ ಹಳೆಯ ಬಟ್ಟೆ ಸುತ್ತಿ, ಮನೆಯೊಡೆಯರು ಹೊರಗೆ ಹೋದ ಹೊತ್ತು ನೋಡಿ, ಕ್ಯಾಲೆಂಡರಿಗೊಂದು ಮೊಳೆ ಹೊಡೆದವನು. ಸ್ವಾತಂತ್ರ್ಯ ಬಂದ ಹೊಸತು. ದೇಶಕ್ಕೇ ಸ್ವಂತ ಮನೆ ಸಿಕ್ಕಿರುವಾಗ ಹತ್ತಿ ಗಿರಣಿಯ ಗುಮಾಸ್ತನಿಗೇಕೆ ಸಿಗಬಾರದು ಎಂಬ ಉಮೇದಿನಲ್ಲಿ, ಅದೇ ಗಲ್ಲಿಯ ಕೊನೆಯ ಮಾಳಿಗೆ ಮನೆಗೆ ಮುಂಗಡ ಕೊಟ್ಟುಬಿಟ್ಟೆ. ಯುಗಾದಿಯೊಳಗೆ ಉಳಿದ ಹಣ ಸೇರಿಸದಿದ್ದರೆ ಮನೆಯೂ ಇಲ್ಲ, ನನ್ನ ಹೆಂಡತಿ ನೀಲಮ್ಮನ ಬಳೆ ಮಾರಿ ಕೊಟ್ಟ ಮುಂಗಡವೂ ಇಲ್ಲ. ಕೊಳ್ಳುವ ಮನೆಯನ್ನೇ ಅಡವಿಟ್ಟು ಸಾಲ ತರಬೇಕಿತ್ತು.

ಸಾಲ ಹುಟ್ಟುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ನನಗೆ ಕಷ್ಟವಾದದ್ದು ಕೊಡುವವರನ್ನು ಅಳೆಯುವುದು. ಹೆಣ್ಣು ನೋಡಲು, ಎತ್ತು ನೋಡಲು ನಮ್ಮಲ್ಲಿ ನೂರು ವಿಧಾನಗಳುಂಟು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಬಹುದು. ಸಾಹುಕಾರನ ಬಾಯಿ ಬಿಡಿಸಿದರೆ ಮಾತಷ್ಟೇ ಹೊರಬರುತ್ತದೆ. ಸಿರುಗುಪ್ಪದ ಸಾಹುಕಾರರು ಜಮಖಾನೆ ಹಾಸಿ, "ರೊಕ್ಕದ ಮಾತು ಆಮ್ಯಾಲ, ಮದ್ಲ ಮಜ್ಜಿಗಿ ಕುಡೀರಿ" ಎಂದು ಉಪಚರಿಸಿದರು. ಕುರುಗೋಡಿನಲ್ಲಿ ಮೆಣಸಿನಕಾಯಿ ವ್ಯಾಪಾರದ ಜೊತೆಗೆ ಸಾಲವನ್ನೂ ಕೊಡುತ್ತಿದ್ದ ಈರಮ್ಮನೆಂಬ ಮುದುಕಿ, ಕೂರಲೂ ಹೇಳದೆ, "ನಾಳೆ ನೀ ಸತ್ರ ಯಾರು ಕಟ್ಟೋರು?" ಎಂದಳು. ಸಿರುಗುಪ್ಪದಲ್ಲಿ ಸಾಲ ಪಡೆದವರನ್ನು ವಿಚಾರಿಸಿದರೆ, ತಮ್ಮ ಸಾಹುಕಾರರು ದೇವರಂಥವರೆಂದು ಎಲ್ಲರೂ ಕೈಮುಗಿದರು. ಇನ್ನೇನು ಬೇಕು ಎಂದುಕೊಂಡು ಮನೆಗೆ ಬಂದೆ.

ನೀಲಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೇ ಇಲ್ಲ. "ಅವರ ಸಾಲ ಇನ್ನಾ ಐತೆಲ್ರಿ, ಕೆಟ್ಟ ಮಾತು ಹ್ಯಾಂಗ ಆಡ್ತಾರ? ತೀರಿಸಿದವರನ್ನ ಕೇಳಿ ಬರ್ರಿ."

ಆ ಮಾತು ನನ್ನ ನೆಮ್ಮದಿಯನ್ನೇ ಕಿತ್ತುಕೊಂಡಿತು. ಊಟಕ್ಕೆ ಕೂತರೆ ಎದ್ದೆ, ಎದ್ದರೆ ಬೀದಿಗೆ ಹೋದೆ. ಸಾಲ ಮಾಡಿದವರು ಊರಿಗೆಲ್ಲ ಗೊತ್ತು. ತೀರಿಸಿದವರು ಎಲ್ಲಿ ಅಡಗಿರುತ್ತಾರೋ! ಯುಗಾದಿ ಬೇರೆ ಹತ್ತಿರವಾಗುತ್ತಿತ್ತು. ಕಡೆಗೆ ಸಿರುಗುಪ್ಪದಲ್ಲಿ ಎಲೆ ಅಡಿಕೆ ಮಾರುವ ಖಾಸೀಂ ಸಾಬರು ಸಿಕ್ಕರು. ಅವರು ಬಡ್ಡಿ ಸಮೇತ ಎಲ್ಲವನ್ನೂ ಕಟ್ಟಿ ಮುಗಿಸಿದ್ದರು. "ಮನೆ ಪತ್ರ ವಾಪಸು ಬಂತೇ?" ಎಂದೆ.

"ಹೋದಾಗೆಲ್ಲ ಮಜ್ಜಿಗಿ ಕೊಡ್ತಾರ ಗುಮಾಸ್ತರ, ಪತ್ರ ಕೊಡಂಗಿಲ್ಲ" ಎಂದರು.

ಅಲ್ಲಿಂದ ನೇರ ಕುರುಗೋಡಿಗೆ ಹೋದೆ. ಈರಮ್ಮನ ಸಾಲ ತೀರಿಸಿದ ಗಾಣಿಗರೊಬ್ಬರು ಅವಳ ಹೆಸರೆತ್ತುತ್ತಲೇ ಸಿಡುಕಿದರು: "ತಡ ಆದ್ರ ಬಾಗಿಲಿಗೇ ಬಂದು ಬೈತಾಳ್ರಿ!" ಪತ್ರದ ಮಾತು ಕೇಳಿದೆ. "ಅದನ್ನ ಸಾಲ ತೀರಿದ ಅವತ್ತ ನನ್ನ ಹೇಣ್ತಿ ಕೈಯಾಗ ಇಟ್ಲು ಬಿಡ್ರಿ" ಎಂದರು, ಅದೂ ಒಂದು ದೂರೆಂಬಂತೆ. ನನಗೆ ಆ ಬೈಗುಳವೂ ಹಿತವಾಗಿ ಕೇಳಿತು.

ನೀಲಮ್ಮನನ್ನೂ ಕರೆದುಕೊಂಡು ಈರಮ್ಮನ ಮುಂದೆ ನಿಂತೆ. ಮುದುಕಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ, "ನನ್ನ ಬಗ್ಗೆ ಊರೆಲ್ಲಾ ಕೇಳೀಯಂತಲ್ಲ ತಮ್ಮಾ. ಈಗ ನಾ ಕೇಳ್ತೀನಿ. ನಿನಗ ಸಾಲ ಕೊಟ್ಟು ವಾಪಸ್ ಇಸಗೊಂಡೋರು ಯಾರರ ಅದಾರೇನು?" ಎಂದಳು.

ಯಾರಲ್ಲೂ ಕೈಯೊಡ್ಡಿಲ್ಲವೆಂಬುದೇ ನನ್ನ ಬದುಕಿನ ಹೆಮ್ಮೆ. ಆ ಹೆಮ್ಮೆಯಿಂದಾಗಿ ನನ್ನ ಪರವಾಗಿ ಹೇಳುವವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ನಂಬಿಕೆಯೆಂಬುದನ್ನು ನಾನು ಬರೀ ಎದುರಿನವರಲ್ಲಿ ಹುಡುಕುತ್ತ ಅಲೆದಿದ್ದೆನಲ್ಲ! "ಯಾರೂ ಇಲ್ಲವ್ವ" ಎಂದೆ. ನೀಲಮ್ಮ ನೆಲ ನೋಡಿದಳು. ಮನೆ ಕೈತಪ್ಪಿತೆಂದೇ ನನಗೆ ಅನಿಸಿತು.

ಮುದುಕಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ಹಂಗಾರ ಮದಲನೇದಾಕಿ ನಾನ ಆಗ್ತೀನಿ. ನಾಳೆ ರಿಜಿಸ್ಟ್ರಿ ಮಾಡ್ಸೋಣು."

ಮೋಸ ಹೋದೇನೆಂಬ ಭಯ ಅಂದೇ ಹೋಯಿತು, ಗೆಳೆಯರೇ. ಆದರೆ ಸ್ವಂತ ಮನೆಯ ಮೊದಲ ರಾತ್ರಿ ನನಗೆ ಕಣ್ಣು ಹತ್ತಲಿಲ್ಲ. ನನ್ನನ್ನು ಒಬ್ಬರು ನಂಬಿಬಿಟ್ಟಿದ್ದರು.