ಎನಿಡ್ ಹೊಡೆದ ಹಾರನ್

ನಮ್ಮ ಬೆರಿಂಗಲ್‌ನಲ್ಲಿ ಯಾರ ಮನೆ ಎಲ್ಲಿ ಎಂದು ಕೇಳಿದರೆ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಶನಿವಾರ ಫುಟ್‌ಬಾಲ್ ಮೈದಾನದಲ್ಲಿ ಯಾರ ಕಾರು ಎಲ್ಲಿ ಎಂದು ಕೇಳಿ, ತೊದಲು ಮಾತಿನ ಮಗುವೂ ಬೆರಳು ತೋರಿಸುತ್ತದೆ. ಬೇಲಿಗೆ ಮೂತಿ ತಾಗಿಸಿ ಸಾಲಾಗಿ ನಿಲ್ಲುವ ಕಾರುಗಳಲ್ಲಿ ನಟ್ಟನಡುವಿನದು ಎನಿಡ್ ಟ್ರೆಲೋರ್ ಅವಳದು. ಗಂಡ ಮರ್ವ್ ಹೋದ ಮೇಲೂ ಅವಳು ಆ ಜಾಗ ಬಿಟ್ಟಿಲ್ಲ, ಬಿಡು ಎಂದು ಯಾರೂ ಕೇಳಿಲ್ಲ. ಅವನು ಕೂರುತ್ತಿದ್ದ ಸೀಟಿನಲ್ಲಿ ಈಗ ಕಿತ್ತಳೆ ಹೋಳುಗಳ ಡಬ್ಬಿ ಕೂರುತ್ತದೆ. ಅರ್ಧ ಆಟಕ್ಕೆ ಹುಡುಗರ ಬಾಯಿ ತಣಿಸಲು ಹಣ್ಣು ಹೆಚ್ಚಿ ತರುವುದು ಅವಳು ಸೊಸೆಯಾಗಿ ಬಂದಾಗಿನಿಂದ ಹೊತ್ತ ಕೆಲಸ.

ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿದು ಓಡಬಹುದು. ಮೈದಾನದ ಎರಡು ತುದಿಗೂ ನಾಲ್ಕು ನಾಲ್ಕು ಕಂಬ. ಒಂದು ತುದಿ ಗೋಧಿ ಕಣಜದ ಕಡೆ, ಇನ್ನೊಂದು ಪೈನ್ ಮರಗಳ ಕಡೆ. ಒದ್ದ ಚೆಂಡು ನಡುವಿನ ಎರಡು ಕಂಬಗಳ ಸಂದಿಯಲ್ಲಿ ಹಾದರೆ ಬಿಳಿ ಕೋಟಿನವನು ಎರಡು ಬಾವುಟ ಬೀಸುತ್ತಾನೆ. ಅದು ಗೋಲು, ಆರು ಅಂಕ. ಪಕ್ಕದ ಸಂದಿಗೆ ಜಾರಿದರೆ ಒಂದೇ ಬಾವುಟ, ಒಂದೇ ಅಂಕ. ಆಟಕ್ಕೆ ನಾಲ್ಕು ಕ್ವಾರ್ಟರ್. ಪ್ರತಿ ಕ್ವಾರ್ಟರ್‌ಗೂ ತಂಡಗಳು ತುದಿ ಬದಲಿಸುತ್ತವೆ. ನಮ್ಮವರು ಗೋಲು ಹೊಡೆದರೆ ಚಪ್ಪಾಳೆಗೂ ಮೊದಲು ಕಾರುಗಳು ಕೂಗಬೇಕು. ಅದರಲ್ಲೂ ಮೊದಲ ಹಾರನ್ ಎನಿಡ್‌ಳದು. ಇದು ಯಾರು ಹಾಕಿದ ಕಟ್ಟಳೆಯೋ ಗೊತ್ತಿಲ್ಲ. ಅವಳ ಕಾರು ಒಮ್ಮೆ ಉದ್ದಕ್ಕೆ ಕೂಗುತ್ತದೆ, ಆಮೇಲೆ ಎಡಬಲದ ಕಾರುಗಳು, ಆಮೇಲೆ ಇಡೀ ಸಾಲು. ಒಂದು ನಾಯಿ ಬೊಗಳಿದರೆ ಬೀದಿಯ ನಾಯಿಗಳೆಲ್ಲ ಬೊಗಳಿದ ಹಾಗೆ ಎಂದು ಮರ್ವ್ ನಗುತ್ತಿದ್ದ.

ಆ ಮರ್ವ್ ಕಾಲದಲ್ಲಿ ನಮ್ಮ ನೀಲಿ-ಹಳದಿ ತಂಡ ಗೆದ್ದಿತ್ತು. ಸುಮ್ಮನೆ ಗೆದ್ದದ್ದಲ್ಲ, ಮೇಲಿಂದ ಮೇಲೆ ಟ್ರೋಫಿ ತಂದಿತ್ತು. ಗೆದ್ದ ಸಂಜೆ ಗೋಧಿ ಲಾರಿಯ ಮೇಲೆ ಹುಡುಗರನ್ನು ಹತ್ತಿಸಿಕೊಂಡು ಊರೆಲ್ಲ ಸುತ್ತಿದ್ದು, ಪಾದ್ರಿಯೂ ಬಿಯರ್ ಹಿಡಿದು ನಿಂತದ್ದು ಎಲ್ಲರಿಗೂ ನೆನಪಿದೆ. ಆಮೇಲೆ ರೈಲು ನಿಂತಿತು. ದೊಡ್ಡ ಹೊಲ ಚಿಕ್ಕ ಹೊಲವನ್ನು ನುಂಗಿತು. ನಾಲ್ಕು ಮನೆ ಉಳುತ್ತಿದ್ದ ನೆಲವನ್ನು ಒಬ್ಬನೇ ದೊಡ್ಡ ಯಂತ್ರದಲ್ಲಿ ಕೂತು ಉತ್ತ. ಶಾಲೆಗೆ ಬೀಗ ಬಿತ್ತು. ಮಕ್ಕಳಿಲ್ಲದ ಊರಿನಲ್ಲಿ ಆಡುವವರು ಎಲ್ಲಿಂದ ಬರಬೇಕು? ಗಾಯದ ಕಾಲಿನವನು, ತಲೆ ನರೆತವನು, ಪಕ್ಕದೂರಿನಿಂದ ಕಾಡಿ ಬೇಡಿ ಕರೆತಂದವನು, ಇವರೆಲ್ಲ ಸೇರಿ ತಂಡವಾಯಿತು. ಸೋಲು ಶುರುವಾಯಿತು.

ಮೊದಮೊದಲ ಸೋಲು ಎನಿಡ್‌ಳನ್ನು ಕಚ್ಚುತ್ತಿತ್ತು. ಅಂಪೈರನ್ನು ಬೈಯುತ್ತಿದ್ದಳು, ಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು, ಭಾನುವಾರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ವರ್ಷ ಕಳೆದಂತೆ ಕಚ್ಚುವುದು ನಿಂತಿತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ. ಅಂಕದ ಫಲಕದಲ್ಲಿ ಎದುರಾಳಿಯ ಲೆಕ್ಕ ಏರುತ್ತಲೇ ಹೋಗುತ್ತಿತ್ತು, ಅವಳು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದಳು. ನಮ್ಮವರು ಅಪ್ಪಿತಪ್ಪಿ ಗೋಲು ಹೊಡೆದಾಗ ಹಾರನ್ ಒತ್ತುತ್ತಿದ್ದಳು. ಬಾಗಿಲು ತಟ್ಟಿದರೆ ತೆಗೆಯುತ್ತೇವಲ್ಲ, ಹಾಗೆ ಒತ್ತುತ್ತಿದ್ದಳು.

ಹಾಗೇ ಆ ಆಗಸ್ಟ್ ಬಂತು, ನಮ್ಮ ಕಡೆ ಅದು ಚಳಿಗಾಲ. ಋತುವಿನ ಕೊನೆಯ ಪಂದ್ಯ ಟಾರ್ನುಕ್ ಜೊತೆ. ಟಾರ್ನುಕ್ ಎಂದರೆ ನಮ್ಮ ಹಳೆಯ ಹಗೆ. ರಸ್ತೆಯಲ್ಲಿ ನೇರ ಹೋದರೆ ಮುಂದಿನ ಊರು, ಕೆಂಪು-ಕಪ್ಪು ಅಂಗಿಯವರು. ಆ ಸಂಜೆ ಕ್ಲಬ್ ಕೋಣೆಯಲ್ಲಿ ಸಭೆ. ಅದೇ ಟಾರ್ನುಕ್ ಜೊತೆ ನಮ್ಮ ಕ್ಲಬ್ ಸೇರಿ ಒಂದಾಗಬೇಕೋ ಬೇಡವೋ ಎಂದು ಕೈ ಎತ್ತಿ ತೀರ್ಮಾನಿಸಬೇಕಾಗಿತ್ತು. ಒಂದಾದರೆ ಬೆರಿಂಗಲ್ ಹೆಸರು ಅರ್ಧ ಉಳಿಯುತ್ತದೆ, ಅಂಗಿಯ ಬಣ್ಣ ಅರ್ಧ ಉಳಿಯುತ್ತದೆ, ಪಂದ್ಯಗಳು ಅರ್ಧ ನಮ್ಮಲ್ಲಿ, ಅರ್ಧ ಅಲ್ಲಿ. ಬೇಡವೆಂದರೆ ಮುಂದಿನ ವರ್ಷ ಕಣಕ್ಕಿಳಿಯಲು ಆಳಿಲ್ಲ, ಕ್ಲಬ್ ಮುಚ್ಚುತ್ತದೆ. ಆದರೆ ಬೆರಿಂಗಲ್ ಬೆರಿಂಗಲ್ ಆಗಿಯೇ ಸಾಯುತ್ತದೆ.

ಎನಿಡ್ ಏನು ಹೇಳುತ್ತಾಳೋ ಅದನ್ನೇ ಊರು ಹೇಳುತ್ತದೆ ಎಂಬುದು ಕ್ಲಬ್ ಅಧ್ಯಕ್ಷ ಡರಿಲ್‌ಗೆ ಗೊತ್ತಿತ್ತು. ಅವನು ಮರ್ವ್‌ನ ಅಣ್ಣನ ಮಗ, ಎನಿಡ್‌ಳ ಕೈತುತ್ತು ತಿಂದು ಬೆಳೆದವನು. ಆಟ ಶುರುವಾಗುವ ಮೊದಲೇ ಬಂದು ಕಾರಿನ ಕಿಟಕಿಗೆ ಮೊಣಕೈ ಊರಿದ.

"ಆಂಟಿ, ಸಾಯಂಕಾಲ ಬರ್ತೀಯ ತಾನೆ?"

"ಬರದೆ ಏನು? ಕಿತ್ತಳೆ ಡಬ್ಬಿ ತೊಳೆಯೋಕೆ ಹೇಗಿದ್ರೂ ಒಳಗೆ ಬರ್ಲೇಬೇಕಲ್ಲ."

"ಏನಂತ ಕೈ ಎತ್ತೀಯ?"

"ಕೈ ನೋವು ಕಣೋ. ಎತ್ತೋಕಾಗುತ್ತೋ ಇಲ್ವೋ."

"ತಮಾಷೆ ಬೇಡ ಆಂಟಿ. ನಂಗೆ ನಿದ್ದೆ ಇಲ್ಲ."

"ನಿಂಗೆ ನಿದ್ದೆನಾದ್ರೂ ಕೆಟ್ಟಿದೆ, ನೋಡು. ನಂಗೆ ಚೆನ್ನಾಗೇ ಬರುತ್ತೆ," ಎಂದು ಅವಳು ಗಾಜು ಏರಿಸಿದಳು. ತೆಂಕಣ ಗಾಳಿ ಮೂಳೆ ಕೊರೆಯುತ್ತಿತ್ತು.

ಅವಳು ಹೇಳಿದ್ದು ನಿಜ. ಇಷ್ಟು ದೊಡ್ಡ ವಿಷಯಕ್ಕೆ ತನಗೆ ಅಳು ಬರಬೇಕು, ಸಿಟ್ಟಾದರೂ ಬರಬೇಕು ಎಂದು ಅವಳು ವಾರವಿಡೀ ಕಾದಿದ್ದಳು. ಏನೂ ಬಂದಿರಲಿಲ್ಲ.

ಅರ್ಧ ಆಟಕ್ಕೆ ನಾವು ಆಗಲೇ ಮುಳುಗಿದ್ದೆವು. ಎನಿಡ್ ಕಿತ್ತಳೆ ಹಂಚಿ ಬಂದಾಗ ಕಾರಿನ ಹತ್ತಿರ ಟಾರ್ನುಕ್‌ನ ವಿಲ್ಮಾ ನೋಸ್ಕಿ ನಿಂತಿದ್ದಳು. ಎನಿಡ್‌ಳ ವಯಸ್ಸಿನವಳೇ, ಅವಳಷ್ಟೇ ಬಾಯಿಯವಳು. ಪ್ರತಿ ವರ್ಷ ಈ ಪಂದ್ಯಕ್ಕೆ ತಾನು ಮಾಡಿದ ಹಣ್ಣಿನ ಕೇಕು ತಂದು, "ತಗೋ, ಸೋತವರಿಗೆ ಸಿಹಿ" ಎಂದು ಕೈಗಿಡುತ್ತಿದ್ದಳು. ಎನಿಡ್ ತಿಂದು, "ಕೇಕೂ ನಿಮ್ಮ ಹುಡುಗರ ಹಾಗೇ ಒಣಗಿದೆ" ಎನ್ನುತ್ತಿದ್ದಳು. ಈ ವರ್ಷ ವಿಲ್ಮಾ ಕೇಕು ಕೊಟ್ಟು, "ನಿಮ್ಮೋರು ಪಾಪ ಚೆನ್ನಾಗೇ ಆಡ್ತಿದಾರೆ" ಎಂದಳು.

ಹಗೆಯವರು ಬೈದರೆ ತಡೆದುಕೊಳ್ಳಬಹುದು. ಪಾಪ ಎಂದರೆ ಏನು ಮಾಡುವುದು? ಎನಿಡ್ "ಹೂಂ" ಎಂದಳು. ಕೇಕು ಡಬ್ಬಿಯ ಮೇಲೆ ಹಾಗೇ ಉಳಿಯಿತು.

ಮೂರನೇ ಕ್ವಾರ್ಟರ್ ಮುಗಿದು ಸೈರನ್ ಕೂಗಿದಾಗ ನಮ್ಮಲ್ಲಿ ಜನ ಕಾರಿನಿಂದ ಇಳಿದು ಮೈದಾನದೊಳಕ್ಕೆ ನಡೆಯುತ್ತಾರೆ. ಕೊನೆಯ ಕ್ವಾರ್ಟರ್‌ಗೆ ಮೊದಲು ಕೋಚು ಹುಡುಗರಿಗೆ ಹೇಳುವ ಮಾತನ್ನು ಸುತ್ತ ನಿಂತು ಕೇಳುತ್ತಾರೆ. ಮುದುಕರು ನಡುವೆ ಬಾಯಿ ಹಾಕುತ್ತಾರೆ. ಎನಿಡ್ ಆ ಗುಂಪಿನ ಮುಂದಿನ ಸಾಲಿನವಳು. ಅವತ್ತು ಅವಳು ಇಳಿಯಲಿಲ್ಲ. ನಾನು ಬಿಸಿ ಪೈ ತಿಂಡಿ ಮಾರುತ್ತಿದ್ದ ಕಿಟಕಿಯಿಂದ ಅವಳು ಕಾಣುತ್ತಿದ್ದಳು. ಹೀಟರ್ ಹಾಕಿಕೊಂಡು, ಮುಚ್ಚಳದಲ್ಲಿ ಟೀ ಹಿಡಿದು, ಎದುರಿಗೆ ನೋಡುತ್ತ ಕೂತಿದ್ದಳು. ನಿದ್ದೆಯಲ್ಲ, ಕಣ್ಣು ತೆರೆದೇ ಇತ್ತು. ಜನ ಒಳಗೆ ಹೋದದ್ದೂ ಹೊರಗೆ ಬಂದದ್ದೂ ಆ ಕಣ್ಣಿಗೆ ಬಿದ್ದಿತ್ತು, ತಲೆಗೆ ಮಾತ್ರ ಹೋಗಿರಲಿಲ್ಲ.

ಆಟ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಎಳೆಯ ಆಟಗಾರ ಗುಂಪಿನಿಂದ ಚೆಂಡು ಕಿತ್ತುಕೊಂಡು, ಒಬ್ಬನನ್ನು ತಪ್ಪಿಸಿ, ಇನ್ನೊಬ್ಬನನ್ನು ತಪ್ಪಿಸಿ, ಓಡುತ್ತಲೇ ದೂರದಿಂದ ಒದ್ದ. ಹೊತ್ತು ಇಳಿದು ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಎಲ್ಲರ ಅಂಗಿಯೂ ಒಂದೇ ಕೆಸರು ಬಣ್ಣವಾಗಿತ್ತು. ಚೆಂಡು ಮೇಲೆದ್ದು, ಗಾಳಿಗೆ ಬಾಗಿ, ಕಣಜದ ಕಡೆಯ ನಡುಗಂಬಗಳ ನಡುವೆ ಇಳಿಯಿತು. ಎರಡು ಬಾವುಟ.

ಎನಿಡ್‌ಳ ಎದೆಯಲ್ಲಿ ಏನೋ ಒಂದು ಎದ್ದು ಕೂತಿತು. ಎಷ್ಟು ವರ್ಷವಾಗಿತ್ತೋ. ಅವಳು ಟೀ ಚೆಲ್ಲಿಕೊಂಡು, ಎರಡೂ ಕೈಯಿಂದ ಹಾರನ್ ಒತ್ತಿದಳು. ಉದ್ದಕ್ಕೆ ಒತ್ತಿದಳು.

ಪಕ್ಕದ ಕಾರಿನ ಕೀತ್ ಓಡ್ಜರ್ಸ್ ಒತ್ತಿದ. ಅವನ ಪಕ್ಕದವರು ಒತ್ತಿದರು. ಬೆರಿಂಗಲ್‌ನ ಸಾಲಿಗೆ ಸಾಲೇ ಕೂಗಿತು.

ಎದುರು ಬದಿಯಲ್ಲಿ ಟಾರ್ನುಕ್ ಕಾರುಗಳು ಮಾತ್ರ ಮೂಕವಾಗಿದ್ದವು. ಪಾಪ, ಅವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗೋಲು ಅವರದಾಗಿತ್ತು. ನಮ್ಮವರು ಕಣಜದ ಕಡೆಗೆ ಗೋಲು ಹೊಡೆಯಬೇಕಾಗಿದ್ದದ್ದು ಮೂರನೇ ಕ್ವಾರ್ಟರ್‌ನಲ್ಲಿ. ಈಗ ತುದಿ ಬದಲಾಗಿತ್ತು.

ಕೂಗು ಒಂದೊಂದಾಗಿ ಅಡಗಿತು. ಕೀತ್ ಇಳಿದು ಬಂದು ಕಿಟಕಿ ಬಡಿದ.

"ಏನೇ ಎನಿಡ್! ಅವರ ಗೋಲಿಗೆ ಹೊಡೆದ್ಯಲ್ಲೇ!"

"ನೀನ್ಯಾಕೆ ಹೊಡೆದೆ?"

"ನೀನು ಹೊಡೆದೆ ಅಂತ ಹೊಡೆದೆ!"

"ಕಣ್ಣು ಎಲ್ಲಿಟ್ಟಿದ್ದೆ?"

ಕೀತ್ ತನ್ನ ಕಾರಿನ ಕಡೆ ತಿರುಗಿ ನೋಡಿದ. "ಬಾನೆಟ್ ಮೇಲೆ ಇಟ್ಟಿದ್ದೆ ಅಂತ ಕಾಣುತ್ತೆ," ಎಂದು ಟೋಪಿ ಸರಿಮಾಡಿಕೊಂಡು ಹೋದ.

ಎನಿಡ್ ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಗಾಜಿನ ಹಿಂದೆ ಒಂದೊಂದು ಮುಖ. ಆಟ ನೋಡುತ್ತಿದ್ದವರು ಯಾರೂ ಇರಲಿಲ್ಲ. ತನಗೊಬ್ಬಳಿಗೇ ಸೂಜಿ ಚುಚ್ಚಿದೆ ಎಂದುಕೊಂಡಿದ್ದಳು. ಇಡೀ ಊರಿಗೇ ಚುಚ್ಚಿತ್ತು. ಎದೆಯಲ್ಲಿ ಎದ್ದು ಕೂತಿದ್ದದ್ದು ಮತ್ತೆ ಮಲಗಿತು.

ಆಟ ಮುಗಿದ ಮೇಲೆ ವಿಲ್ಮಾ ಮೈದಾನ ದಾಟಿಕೊಂಡೇ ಬಂದಳು. ದೂರದಿಂದಲೇ ನಗುತ್ತಿದ್ದಳು.

"ಎನಿಡ್, ನಮ್ಮ ಗೋಲಿಗೆ ನಮ್ಮೂರೋರೇ ಇಷ್ಟು ಜೋರಾಗಿ ಹೊಡೆದಿಲ್ಲ ಕಣೆ. ಗೋಲು ಹೊಡೆದೋನು ನನ್ನ ಮೊಮ್ಮಗ. ಮುಂದಿನ ಸಲ ನಿನ್ನ ಕಾರಿಗೆ ಕೆಂಪು-ಕಪ್ಪು ಬಣ್ಣ ಬಳಿಸ್ತೀನಿ!"

"ಬಳಿಸು. ನಿನ್ನ ಕೇಕಿಗೆ ಆಮೇಲೆ ಸ್ವಲ್ಪ ಬೆಣ್ಣೆ ಬಳಿಸು," ಎಂದಳು ಎನಿಡ್. ವಿಲ್ಮಾಳ ಮುಖ ಅರಳಿತು. ಪಾಪ ಎನ್ನುವ ಮಾತು ಮತ್ತೆ ಬರಲಿಲ್ಲ.

ಸಂಜೆ ಕ್ಲಬ್ ಕೋಣೆ ತುಂಬಿತ್ತು. ಗೋಡೆಯ ಮೇಲೆ ಗೆದ್ದ ತಂಡಗಳ ಫೋಟೋ. ಒಂದರಲ್ಲಿ ಮರ್ವ್ ಕೈ ಕಟ್ಟಿ ನಿಂತಿದ್ದ. ಡರಿಲ್ ಎದ್ದು, ಹೇಳಬೇಕಾದ್ದನ್ನು ತಡವರಿಸುತ್ತ ಹೇಳಿದ. ಕೊನೆಗೆ, "ಒಂದಾಗೋಣ ಅನ್ನೋರು ಕೈ ಎತ್ತಿ," ಎಂದ.

ಒಂದು ಕೈಯೂ ಏಳಲಿಲ್ಲ. ಎಲ್ಲರ ತಲೆಯೂ ಎನಿಡ್ ಕಡೆ ತಿರುಗಿತು.

ಎನಿಡ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. "ನನ್ನ ಯಾಕೆ ನೋಡ್ತೀರಾ?" ಎಂದಳು.

"ನೀನು ಹೇಳು ಎನಿಡ್," ಎಂದ ಕೀತ್. "ನೀನು ಬೇಡ ಅಂದ್ರೆ ನಂಗೂ ಬೇಡ."

"ಮಧ್ಯಾಹ್ನ ಹಾಗೇ ಅಲ್ವಾ ಮಾಡಿದ್ದು? ನಾನು ಯಾವ ತುದಿ ಅಂತ ನೋಡದೆ ಹೊಡೆದೆ. ನೀವು ನನ್ನ ಹಾರನ್ ಕೇಳಿ ಹೊಡೆದ್ರಿ. ಇಡೀ ಊರು ಸೇರಿ ಶತ್ರು ಗೋಲಿಗೆ ಮೆರವಣಿಗೆ ಮಾಡಿದ್ವಿ." ಯಾರೋ ನಕ್ಕರು. ಅವಳು ನಗಲಿಲ್ಲ. "ಈ ಸಲ ನಾನು ಮೊದಲು ಹೊಡೆಯಲ್ಲ. ನಿಮ್ಮ ನಿಮ್ಮ ಕಣ್ಣು ಬಿಟ್ಟು ನೋಡಿ, ನಿಮ್ಮ ಕೈ ನೀವೇ ಎತ್ತಿ."

"ಆಂಟಿ, ನಿಂಗೆ ಏನನ್ನಿಸುತ್ತೆ, ಅದನ್ನಾದ್ರೂ ಹೇಳು," ಎಂದ ಡರಿಲ್. ದನಿ ಬೇಡುವಂತಿತ್ತು.

"ಏನೂ ಅನ್ನಿಸ್ತಿಲ್ಲ ಮಗಾ. ಅದೇ ಕಷ್ಟ. ಏನೂ ಅನ್ನಿಸದೋರು ಮುಂದೆ ನಿಂತು ದಾರಿ ತೋರಿಸ್ಬಾರ್ದು."

ಹಿಂದೆ ಬಿಯರ್ ಇಡುವ ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಬಹಳ ಹೊತ್ತಿನ ಮೇಲೆ, ಗಾಯದ ಕಾಲಿನಲ್ಲೇ ಆ ದಿನವೂ ಆಡಿದ್ದ ನಾಯಕ ಕೈ ಎತ್ತಿದ. ಯಾರನ್ನೂ ನೋಡಲಿಲ್ಲ, ನೆಲ ನೋಡುತ್ತಿದ್ದ. ಆಮೇಲೆ ಕಿಟಕಿಯ ಬಳಿ ಒಂದು ಕೈ. ಆಮೇಲೆ ಬಾಗಿಲ ಬಳಿ. ಕೀತ್ ಮರ್ವ್‌ನ ಫೋಟೋ ನೋಡಿದ, ಟೋಪಿ ತೆಗೆದ, ಆ ಟೋಪಿಯ ಕೈಯನ್ನೇ ಎತ್ತಿದ. ಎತ್ತದವರೂ ಇದ್ದರು, ಅವರು ಯಾರ ಮಾತಿಗೂ ಎತ್ತುವವರಲ್ಲ. ಆದರೆ ಎತ್ತಿದವರು ಸಾಕಷ್ಟಾದರು.

ಕೊನೆಯಲ್ಲಿ ಎನಿಡ್ ತೊಡೆಯ ಕೆಳಗಿನಿಂದ ಒಂದು ಕೈ ತೆಗೆದಳು. ಅದು ಜೋಮು ಹಿಡಿದಿತ್ತು. ಇನ್ನೊಂದು ಕೈಯಿಂದ ಅದನ್ನು ತಿಕ್ಕಿ, ಮೆಲ್ಲಗೆ ಎತ್ತಿದಳು. ಅದು ಇಲ್ಲದಿದ್ದರೂ ತೀರ್ಮಾನ ಬದಲಾಗುತ್ತಿರಲಿಲ್ಲ. ಅದಕ್ಕೇ ಎತ್ತಿದ್ದು ಎಂದು ಆಮೇಲೆ ನನಗೆ ಹೇಳಿದಳು. ಕಿತ್ತಳೆ ಡಬ್ಬಿ ತೊಳೆದು ಒರೆಸಿಕೊಂಡು ಮನೆಗೆ ಹೋದಳು.

ಮರುವರ್ಷದ ಮೊದಲ ಪಂದ್ಯ ಟಾರ್ನುಕ್ ಮೈದಾನದಲ್ಲಿ. ಎನಿಡ್ ಬರುವುದಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಬಂದಳು, ಸ್ವಲ್ಪ ತಡವಾಗಿ. ಬೇಲಿಗೆ ಕಾರುಗಳು ಒತ್ತೊತ್ತಾಗಿ ನಿಂತಿದ್ದವು. ಎರಡೂ ಊರಿನವು ಒಂದೇ ಸಾಲಿನಲ್ಲಿ. ವಿಲ್ಮಾಳ ಕಾರಿನ ಪಕ್ಕ ಮಾತ್ರ ಒಂದು ಖಾಲಿ ಜಾಗ. ಅದರಲ್ಲಿ ಮಡಚುವ ಕುರ್ಚಿ ಇಟ್ಟು, ಕುರ್ಚಿಯಲ್ಲಿ ವಿಲ್ಮಾ ಕೂತಿದ್ದಳು.

"ಬಂದ್ಯಾ? ಬೆನ್ನು ಮರಗಟ್ಟಿತು ಕಣೆ ನಿಂಗೆ ಜಾಗ ಹಿಡಿದು ಹಿಡಿದು."

"ಜಾಗ ಓರೆ ಇದೆ," ಎಂದಳು ಎನಿಡ್, ಕಾರು ನಿಲ್ಲಿಸುತ್ತ. "ಇಲ್ಲಿಂದ ಒಂದು ತುದಿ ಸರಿಯಾಗಿ ಕಾಣಲ್ಲ."

"ಕಾಣೋ ಜಾಗದಲ್ಲಿ ನಿಲ್ಸಿ ಏನು ಮಾಡಿದ್ದೆ ಅಂತ ನೋಡಿದೀನಿ."

ಹೊಸ ಅಂಗಿ ಹುಡುಗರ ಮೈ ಮೇಲೆ ಗರಿಗರಿಯಾಗಿತ್ತು. ನೀಲಿ ಒಂದು ಕಡೆ, ಕೆಂಪು ಒಂದು ಕಡೆ. ಮೊದಲ ಕ್ವಾರ್ಟರ್‌ನಲ್ಲೇ ಒಂದು ಗೋಲು ಬಿತ್ತು. ಬೆರಿಂಗಲ್‌ನವರು ಅಭ್ಯಾಸಬಲದಿಂದ ಎನಿಡ್‌ಳ ಕಾರಿನ ಕಡೆ ನೋಡಿದರು. ಅವಳು ಮೊದಲು ಕಂಬ ನೋಡಿದಳು, ಆಮೇಲೆ ಬಾವುಟ ನೋಡಿದಳು, ಆಮೇಲೆ ಅಂಗಿ ನೋಡಿದಳು. ಅಷ್ಟರಲ್ಲಿ ವಿಲ್ಮಾಳ ಕಾರು ಕೂಗಿತು, ಕೀತ್‌ನದು ಕೂಗಿತು, ಸಾಲು ಪೂರ್ತಿ ಕೂಗಿತು.

ಎಲ್ಲ ಅಡಗಿದ ಮೇಲೆ ಎನಿಡ್ ಹಾರನ್ ಒತ್ತಿದಳು, ಚಿಕ್ಕದಾಗಿ. ಸದ್ದು ಬಂತು. ಎದೆಯ ಕಡೆ ಒಂದು ಗಳಿಗೆ ಕಿವಿಗೊಟ್ಟು ಕೂತಳು. ಅಲ್ಲೇನೂ ಸದ್ದಿರಲಿಲ್ಲ. ಆಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಅರ್ಧ ಆಟದ ಹೊತ್ತಿಗೆ ಅಂಟದಿರಲೆಂದು ಕಿತ್ತಳೆ ಹೋಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.