ಬೆಳ್ಳಿ ಉಡಿದಾರದ ಕೊಂಡಿಗಳು

ಮಗ ಮತ್ತೆ ಓಡಲು ಶುರು ಮಾಡಿದ್ದೇನೆ ಅಂದಾಗ ನಾನು ನಂಬಲಿಲ್ಲ. ತೂಕ ಇಳಿಯಿತು ಅಂದಾಗಲೂ ನಂಬಲಿಲ್ಲ. ಇಳಿದದ್ದು ನನ್ನ ಕಣ್ಣಿಗೇ ಕಂಡ ದಿನ ಮಾತ್ರ ಹೆದರಿಕೆ ಹತ್ತಿತು. ಅವನ ಅಪ್ಪನೂ ಸಾಯುವ ಮುಂಚೆ ಹಾಗೇ ಇಳಿದಿದ್ದರು.

ಕೊಟ್ಟೂರಿನಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ನಮ್ಮ ಯಜಮಾನರು ದೊಡ್ಡ ಆಳು. ಒಂದು ವರ್ಷ ಸುಮ್ಮಸುಮ್ಮನೆ ತೆಳ್ಳಗಾಗತೊಡಗಿದರು. ಅಂಗಡಿಗೆ ಬಂದವರೆಲ್ಲ, "ಏನ್ರಿ ಸಾವ್ಕಾರ್ರ, ಹೊಸ ಮದಲಿಂಗನಂಗ ಕಾಣಾಕತ್ತೀರಲ್ಲ" ಅನ್ನುವವರು. ಅವರಿಗೆ ಖುಷಿ, ನನಗೂ ಖುಷಿ. ಸೊಂಟದ ಬೆಳ್ಳಿ ಉಡಿದಾರ ಜಾರತೊಡಗಿದಾಗ ಪತ್ತಾರನ ಹತ್ತಿರ ಒಯ್ದು ಕೊಂಡಿ ತೆಗೆಸಿದೆವು. ತೆಗೆದ ಬೆಳ್ಳಿ ಕೂಡ್ಲಿಗಿಯಲ್ಲಿದ್ದ ಮಗಳ ಕೂಸಿನ ಗೆಜ್ಜೆಗೆ ಸೇರಿತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ನಮ್ಮ ಬಿಸಿಲಿಗೆ ಯಾರು ಕುಡಿಯುವುದಿಲ್ಲ? ಒಂದು ದಿನ ಅಂಗಡಿಯಿಂದ ಬಂದು ಊಟಕ್ಕೆ ಕೂತರು. ಹೊಸ್ತಿಲಿಂದ ಮಣೆಯವರೆಗೆ ನೆಲದ ಮೇಲೆಲ್ಲ ರಕ್ತ. ಮೊಳೆ ಚಪ್ಪಲಿ ದಾಟಿ ಪಾದಕ್ಕೆ ಹೊಕ್ಕಿತ್ತು. ಅವರಿಗೆ ಗೊತ್ತೇ ಇರಲಿಲ್ಲ. "ನೋವಿಲ್ಲ ಬಿಡ" ಅಂದು ಮುದ್ದೆ ಮುರಿದರು. ಆ ಗಾಯ ಮಾಯಲಿಲ್ಲ. ಸಕ್ಕರೆ ಕಾಯಿಲೆ ಅಂತ ತಿಳಿಯುವ ಹೊತ್ತಿಗೆ ಕಾಲು ಕಪ್ಪಗಾಗಿತ್ತು.

ಮಗ ಹೈಸ್ಕೂಲಿನಲ್ಲಿದ್ದಾಗ ಓಟದಲ್ಲಿ ಸ್ಟೀಲ್ ತಟ್ಟೆ ಗೆದ್ದಿದ್ದ. ಆಮೇಲೆ ಅಂಗಡಿಯಲ್ಲಿ ಕೂತ. ಆ ತಟ್ಟೆಯಲ್ಲೇ ಉಂಡು ಉಂಡು ದಪ್ಪಗಾದ. ಅಪ್ಪನ ಉಡಿದಾರ ಅವನಿಗೆ ಸಾಲದೆ ಹೊಸ ಕೊಂಡಿ ಹಾಕಿಸಬೇಕಾಯಿತು. ದಾವಣಗೆರೆಯ ಡಾಕ್ಟರು ಅವನನ್ನು ನೋಡಿ, ಸಕ್ಕರೆ ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ, ತೂಕ ಇಳಿಸು ಅಂದರಂತೆ. ಬರುವಾಗ ಒಂದು ಜೊತೆ ಕ್ಯಾನ್ವಾಸ್ ಬೂಟು ತಂದ.

ಬೆಳಕು ಹರಿಯುವ ಮುಂಚೆ ಕೂಡ್ಲಿಗಿ ರಸ್ತೆ ಹಿಡಿದು ಹೋಗುತ್ತಿದ್ದ. ಓಡುತ್ತಾನೋ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಮಿರ್ಚಿ ಬಜ್ಜಿ ತಿನ್ನುತ್ತಾನೋ, ಯಾರು ಕಂಡರು? ಬಿಚ್ಚಿ ಹಾಕಿದ ಬನಿಯನ್ ಮೂಸಿ ನೋಡಿದೆ. ಎಣ್ಣೆ ವಾಸನೆ ಇರಲಿಲ್ಲ, ಬೆವರಿತ್ತು. ನಮ್ಮ ಕಡೆ ಬೆವರಲು ಓಡಲೇಬೇಕೆಂದೇನಿಲ್ಲ, ಕೂತರೂ ಸಾಕು.

ಪ್ರತಿ ಸೋಮವಾರ ಅಂಗಡಿಯ ಕಾಟಾದ ಮೇಲೆ, ಚೀಲ ತೂಗುವ ಜಾಗದಲ್ಲಿ, ತಾನೇ ನಿಲ್ಲುತ್ತಿದ್ದ. ಸೊಸೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು.

"ಅತ್ತಿ, ನೋಡ್ರಿ, ಮತ್ತ ಒಂದು ಕೆ.ಜಿ. ಇಳದಾರ" ಅಂದಳು ಒಂದು ಸೋಮವಾರ.

"ಆ ಕಾಟಾ ತಂದೋರು ನಿಮ್ಮ ಮಾವ. ಅದು ಕೊಳ್ಳಾಕ ಒಂದು ಹೇಳ್ತೈತಿ, ಮಾರಾಕ ಒಂದು ಹೇಳ್ತೈತಿ. ನಿನ್ನ ಗಂಡ ಕೊಳ್ಳೋ ಮಾಲೋ, ಮಾರೋ ಮಾಲೋ?"

ಮಗ ಕಾಟಾದ ಮೇಲಿಂದಲೇ, "ಅವ್ವಾ, ಮೆಲ್ಲಕ! ಗಿರಾಕಿ ಬಂದಾರ" ಅಂದ.

ನನ್ನ ಬಾಯಿ ಮುಚ್ಚಿಸಲು ಮೆಡಿಕಲ್ ಶಾಪಿನ ಮಷಿನ್ ಮೇಲೂ ನಿಂತು ಬಂದ. ಅಲ್ಲೂ ಅಷ್ಟೇ ತೋರಿಸಿತಂತೆ. ಆ ಶಾಪಿನವನು ಇವನ ಜೊತೆ ಓದಿದವನು.

ಆದರೆ ಉಡಿದಾರ ಯಾರ ಗೆಳೆಯನೂ ಅಲ್ಲ. ಒಂದು ದಿನ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ಒಲೆಯ ಮುಂದೆ ಬಂದು ನಿಂತ. ಬೆಳ್ಳಿ ಸೊಂಟ ಬಿಟ್ಟು ಕೆಳಗೆ ಜೋತುಬಿದ್ದಿತ್ತು.

"ಅವ್ವಾ, ಇದು ಜಾರಾಕತ್ತೈತಿ. ಪತ್ತಾರಗ ಕೊಟ್ಟು ನಾಕು ಕೊಂಡಿ ತಗಸು."

ನಾನು ರೊಟ್ಟಿ ತಟ್ಟುತ್ತಿದ್ದೆ. ಅವನ ಅಪ್ಪನೂ ಅಲ್ಲೇ ನಿಂತು ಇದನ್ನೇ ಹೇಳಿದ್ದರು.

"ಪತ್ತಾರ ಊರಾಗಿಲ್ಲ" ಅಂದೆ.

"ನಿನ್ನೆ ಸಂಜೀಕ ಕಂಡಿದ್ನಲ್ಲ!"

"ಹಂಗಾದ್ರ ಇವತ್ತಿಲ್ಲ. ದಾರ ಕಟ್ಟಿಕೋ ಹೋಗು."

ತೂಕ ಇಳಿದದ್ದಂತೂ ನಿಜವಾಯಿತು. ಇಳಿಸಿದ್ದು ಯಾವುದು, ಬೂಟೋ ಕಾಯಿಲೆಯೋ? ಅವನು ಮಲಗುವ ಕಡೆ ಇಡುವ ಚೊಂಬನ್ನು ನಾನೇ ತುಂಬಿಸಿ ಇಡತೊಡಗಿದೆ, ಬೆಳಿಗ್ಗೆ ಮೊದಲು ಅದನ್ನೇ ಬಗ್ಗಿ ನೋಡುತ್ತಿದ್ದೆ. ಒಂದು ದಿನ ತಳ ಕಂಡಿತು.

"ನೀರು ಯಾರು ಕುಡದ್ರು?" ಅಂತ ಸೊಸೆಯನ್ನು ಕೇಳಿದೆ.

"ನಾನ ಕುಡದ್ನಿ ಅತ್ತಿ. ನೀರಿಗೂ ಲೆಕ್ಕ ಏನ್ರಿ ಈ ಮನ್ಯಾಗ?"

ಗಂಡನನ್ನು ಮರೆಮಾಚಿ ಮಾತಾಡುವ ಹೆಂಡತಿಯ ದನಿ ನನಗೆ ಗೊತ್ತು, ನನ್ನದೂ ಅದೇ ಇತ್ತು. ಅವಳು ಡಾಕ್ಟರ ಚೀಟಿ ತಂದು, ರಕ್ತ ಸರಿ ಇದೆ ಅಂತ ಓದಿ ಹೇಳಿದಳು. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ನನಗೆ ಬರುತ್ತದೆ. ಆ ಚೀಟಿ ಇಂಗ್ಲಿಷಿನಲ್ಲಿತ್ತು.

ಮಗಳನ್ನು ನೋಡಿ ಬರುತ್ತೇನೆ ಅಂತ ಹೇಳಿ, ಒಂದು ದಿನ ಮಗ ಓಡಲು ಹೋದ ಸ್ವಲ್ಪ ಹೊತ್ತಿಗೆ ಕೂಡ್ಲಿಗಿಯ ಮೊದಲ ಬಸ್ಸು ಹತ್ತಿದೆ. ಡ್ರೈವರ್ ಹಿಂದೆಯೇ ಕೂತು ರಸ್ತೆ ನೋಡುತ್ತಿದ್ದೆ. ಊರು ದಾಟಿತು, ಇಟ್ಟಿಗೆ ಭಟ್ಟಿ ದಾಟಿತು, ಮಗನ ಸುಳಿವಿಲ್ಲ. ಮಿರ್ಚಿಯೇ ಸೈ ಅಂದುಕೊಂಡೆ. ಆಗ ಕಂಡ. ಹಳ್ಳದ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದಾನೆ. ಒಂದು ಬೂಟು ಬಿಚ್ಚಿದೆ. ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ನೋಡುತ್ತಿದ್ದಾನೆ.

ಪಾದ! ನಾನು ಎದ್ದು ನಿಂತು, ಬಸ್ಸು ನಿಲ್ಲಿಸಿ ಅಂತ ಕೂಗಿಕೊಂಡೆ.

"ಏನಮ್ಮಾ, ಕೂಡ್ಲಿಗಿ ಟಿಕೆಟ್ ತಗೊಂಡು ಅಡವ್ಯಾಗ ಇಳಿತೀರಲ್ರೀ?" ಅಂದ ಕಂಡಕ್ಟರ್.

"ಉಳದ ರೊಕ್ಕ ವಾಪಸ್ ಕೊಡ್ತಿ ಏನು?"

"ಇಲ್ರಿ."

"ಹಂಗಾದ್ರ ಸುಮ್ಮನ ಸೀಟಿ ಊದು."

ಮಗ ನನ್ನನ್ನು ನೋಡಿ ಬಾಯಿ ತೆರೆದ. "ಅವ್ವಾ! ಯಾರಿಗೆ ಏನಾತು?"

ನಾನು ಅವನ ಪಾದ ಎಳೆದುಕೊಂಡೆ. ಹಿಮ್ಮಡಿಯ ಹತ್ತಿರ ರಕ್ತ. ಹೆಬ್ಬೆರಳಿಟ್ಟು ಒತ್ತಿದೆ.

"ಅಯ್ಯಯ್ಯೋ! ಬಿಡಬೇ!" ಅಂತ ಕಟ್ಟೆಯಿಂದಲೇ ಹಾರಿದ. "ಜಾಲಿಮುಳ್ಳು ಬೂಟು ದಾಟಿ ಹೊಕ್ಕೈತಿ. ಈಗಷ್ಟ ಕಿತ್ತೀನಿ, ಅದರ ಮ್ಯಾಲ ಒತ್ತತಿಯಲ್ಲ!"

"ನೋವು ಆಕೈತಿ?"

"ಆಗ್ದ ಏನು? ಜೀವ ಹೋಗಾಕತ್ತೈತಿ!"

ನಂಬಿಕೆಯಾಗಲೆಂದು ಇನ್ನೊಮ್ಮೆ ಒತ್ತಿದೆ. ಮೊದಲಿಗಿಂತ ಜೋರಾಗಿ ಕಿರುಚಿದ. ಆ ಕಟ್ಟೆಯ ಮೇಲೆ ನಾನೂ ಕೂತುಬಿಟ್ಟೆ. ಅವನ ಅಪ್ಪ ಮೊಳೆ ತುಳಿದೂ ಮುದ್ದೆ ಉಂಡವರು. ಇವನು ಒಂದು ಮುಳ್ಳಿಗೆ ಇಷ್ಟು ಕೂಗುತ್ತಾನೆ ಅಂದರೆ ಕಾಲಿಗೆ ಜೀವ ಇದೆ.

"ಯಾಕ ಬಂದಿ ಹೇಳು" ಅಂದ. ಆಮೇಲೆ ನನ್ನ ಮುಖ ನೋಡಿ ಅವನಿಗೇ ತಿಳಿಯಿತು. ಬೂಟು ಕಟ್ಟಿಕೊಳ್ಳುತ್ತ, "ಅಪ್ಪನ ಮೊಳಿ ನಾನೂ ಮರ್ತಿಲ್ಲವ್ವಾ. ಅದಕ್ಕ ಓಡಾಕತ್ತೀನಿ" ಅಂದ.

ಹೊಳ್ಳಿ ಹೋಗಲು ಬಸ್ಸು ಇರಲಿಲ್ಲ. ನಾನು ನಡೆದೆ. ಅವನು ಕುಂಟುತ್ತಲೇ ಮುಂದೆ ಓಡುವುದು, ತಿರುಗಿ ನನ್ನ ಹತ್ತಿರ ಬರುವುದು, ಮತ್ತೆ ಓಡುವುದು. ದಾರಿಯ ಬೋರಿನ ಹತ್ತಿರ ನಾನು ಹೊಟ್ಟೆ ತುಂಬ ನೀರು ಕುಡಿದೆ. ಅವನು ಮುಖ ತೊಳೆದುಕೊಂಡು ಒಂದು ಬೊಗಸೆ ಕುಡಿದ, ಅಷ್ಟೇ. ಅದನ್ನೂ ನೋಡಿಕೊಂಡೆ.

ಆದರೂ ಪತ್ತಾರನ ಹತ್ತಿರ ತಕ್ಷಣ ಹೋಗಲಿಲ್ಲ. ದಿನಾ ಬೆಳಿಗ್ಗೆ ಪಾದ ತೋರಿಸು ಅನ್ನುತ್ತಿದ್ದೆ. ಅವನು ಬೈದುಕೊಂಡೇ ತೋರಿಸುತ್ತಿದ್ದ. ಗಾಯ ಒಣಗಿ ಹೊಪ್ಪಳೆ ಉದುರಿತು. ಅಂದೇ ಉಡಿದಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಪತ್ತಾರ ಕೊಂಡಿ ಬಿಡಿಸಿ ಮುಗಿಸುವವರೆಗೆ ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ.

"ತಗದ ಕೊಂಡಿ ಒಯ್ತೀರಾ, ಇಲ್ಲೇ ಇರ್ಲ್ಯಾ?" ಅಂದ.

"ನಿನ್ನ ಕಡೆ ಯಾಕ ಬಿಡ್ಲಿ?"

ಮನೆಯಲ್ಲಿ ಸೊಸೆ ತನ್ನ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಕೊಂಡಿಗಳನ್ನು ಕೈಯಲ್ಲಿ ಹಿಡಿದು, "ಕೂಸಿಗೆ ಕಾಲ್ಗಡಗ ಮಾಡಸೂಣೇನ್ರಿ ಅತ್ತಿ?" ಅಂದಳು.

"ಬ್ಯಾಡ. ಇವ ಎಷ್ಟು ದಿನ ಓಡ್ತಾನ ನೋಡೂಣು. ಓಟ ಬಿಟ್ರ ಇವನ್ನ ಮತ್ತ ಜೋಡಸಬೇಕಾಕೈತಿ."

ಅವನ್ನು ಖಾಲಿ ಸಾಸಿವೆ ಡಬ್ಬಿಗೆ ಹಾಕಿಟ್ಟೆ. ಚಳಿಗಾಲದಲ್ಲಿ ಬೆಳಕು ಹರಿದರೂ ಮಗ ಮುಸುಕು ಹೊದ್ದು ಮಲಗಿದ್ದರೆ, ಅವನ ಕಿವಿಯ ಹತ್ತಿರ ಹೋಗಿ ಆ ಡಬ್ಬಿ ಅಲ್ಲಾಡಿಸುತ್ತೇನೆ.