ಎತ್ತಿದ ಬೆರಳು

ಪಕ್ಕದ ಮನೆಯ ಆಂಟಿಯ ಬಲಗೈಯ ತೋರುಬೆರಳು ಮಿಕ್ಕ ಬೆರಳುಗಳ ಜೊತೆ ಸುಮ್ಮನೆ ಮಲಗಿದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಕೈಯನ್ನು ಮಡಿಲಲ್ಲಿಟ್ಟರೂ, ಕುರ್ಚಿಯ ತೋಳಿನ ಮೇಲಿಟ್ಟರೂ ಅದೊಂದು ಬೆರಳು ಅರ್ಧ ಮೇಲೆದ್ದು ನಿಂತಿರುತ್ತಿತ್ತು, ಉತ್ತರ ಗೊತ್ತಿದ್ದೂ ಹೇಳಲು ಸಂಕೋಚಪಡುವ ಹುಡುಗಿಯ ಹಾಗೆ. “ಇದೇನ್ ಆಂಟಿ, ಯಾರಿಗೆ ಬೆರಳು ತೋರಿಸ್ತಾ ಇದ್ದೀರಾ?” ಎಂದು ಒಮ್ಮೆ ರೇಗಿಸಿದ್ದೆ. “ಅಭ್ಯಾಸ ಕಣಮ್ಮ. ಮೂವತ್ತು ವರ್ಷ ಕಂಡೋರಿಗೆಲ್ಲ ಬೆರಳೆತ್ತಿ, ಬೆರಳೆತ್ತಿ ಅಂತ ಹೇಳಿ ಹೇಳಿ, ಈಗ ನಂದೇ ಎದ್ದು ನಿಂತ್ಕೊಂಡ್ಬುಟ್ಟಿದೆ” ಎಂದು ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಈಗ ನನಗೆ ನಾಚಿಕೆಯಾಗುತ್ತದೆ.

ದಟ್ಟಗಳ್ಳಿಯ ನನ್ನ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ಜಾಗ. ನನ್ನ ಕೋಣೆಯ ಕಿಟಕಿಗೆ ಸರಿಯಾಗಿ ಅವರ ಹಾಲಿನ ಕಿಟಕಿ. ಮದುವೆಯಾಗದೆ ಒಬ್ಬರೇ ಇದ್ದರು. ಭಾನುವಾರ ಚರ್ಚಿಗೆ, ಅಲ್ಲಿಂದ ಮಂಡಿ ಮೊಹಲ್ಲಾದ ತಂಗಿಯ ಮನೆಗೆ ಹೋಗಿ ಊಟ ಮುಗಿಸಿ ಬರುತ್ತಿದ್ದರು. ಕ್ರಿಸ್‌ಮಸ್ಸಿಗೆ ಕಿಟಕಿಯಿಂದ ಕಿಟಕಿಗೇ ರೋಸ್ ಕುಕೀಸ್ ಡಬ್ಬಿ ದಾಟುತ್ತಿತ್ತು. ಡಿಸೆಂಬರಿನ ಚಳಿಯಲ್ಲೂ ಅವರ ಮನೆಯ ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ ಗರಗರ ತಿರುಗುತ್ತಿರುತ್ತಿತ್ತು, ಕೆಳಗೆ ಅವರು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದರು. “ಒಂದೋ ಫ್ಯಾನ್ ಆರಿಸಿ, ಇಲ್ಲ ಸ್ವೆಟರ್ ತೆಗೀರಿ” ಎಂದರೆ, “ಇರ್ಲಿ ಬುಡು, ಮನೇಲಿ ಏನಾದ್ರೂ ಸದ್ದು ಮಾಡ್ತಾ ಇರ್ಬೇಕು” ಎನ್ನುತ್ತಿದ್ದರು.

ಅವರು ಕಿವಿ ಪರೀಕ್ಷೆಯ ಕೇಂದ್ರವೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಂದವರನ್ನು ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರವನ್ನು ಸಣ್ಣಗೆ ಕಳಿಸುವುದು ಅವರ ಕೆಲಸ. ಕೇಳಿಸಿದರೆ ಬೆರಳೆತ್ತಬೇಕು. ಕೇಳಿಸದೆ ಎತ್ತಿದರೆ ಅದಕ್ಕೆ ಅವರು ಇಟ್ಟ ಹೆಸರು ಸುಳ್ಳು ಬೆರಳು. ಸೊಸೆಯ ಜೊತೆ ಬಂದ ಅಜ್ಜ ಒಬ್ಬರು ಮಷೀನು ಶುರುವಾಗುವ ಮೊದಲೇ ಬೆರಳೆತ್ತಿದವರು ಇಳಿಸಲೇ ಇಲ್ಲವಂತೆ. ಮನೆಯಲ್ಲಿ ಕಿವುಡ ಅನ್ನಿಸಿಕೊಳ್ಳುವ ಭಯ. “ಬೈಯೋಕೆ ಮನಸ್ಸು ಬರ್ಲಿಲ್ಲ ಕಣಮ್ಮ. ಎದ್ದು ಹತ್ರ ಹೋಗಿ, ಕೈ ಹಿಡ್ಕೊಂಡು ನಾನೇ ಬೆರಳು ಇಳಿಸ್ದೆ. ಅಳೋಕ್ ಶುರು ಮಾಡ್ಬುಟ್ರು ಪಾಪ” ಎಂದಿದ್ದರು.

ನಾನು ಗಿಟಾರ್ ಕಲಿಸುವವಳು. ಜೊತೆಗೆ ಬೇರೆಯವರ ಹಾಡುಗಳಿಗೆ ಮನೆಯಿಂದಲೇ ನುಡಿಸಿ ಕಳಿಸುತ್ತೇನೆ. ಆ ವರ್ಷ ದೊಡ್ಡ ಆಂಪ್ಲಿಫೈಯರ್ ಮಾರಿ, ಟಿಫನ್ ಡಬ್ಬಿಯಷ್ಟೇ ಇರುವ ಡಿಜಿಟಲ್ ಪೆಟ್ಟಿಗೆ ತಂದಿದ್ದೆ. ಎಲ್ಲ ಬಗೆಯ ಆಂಪಿನ ದನಿಯೂ ಅದರೊಳಗಿದೆ ಎಂದು ಅಂಗಡಿಯವರು ಹೊಗಳಿದ್ದೇ ಹೊಗಳಿದ್ದು. ದನಿಯೇನೋ ಇತ್ತು, ಅದರ ಮೇಲೆ ಎಣ್ಣೆಗೆ ಹಸಿ ಮೆಣಸಿನಕಾಯಿ ಬಿದ್ದ ಹಾಗೆ ಒಂದು ಚರಚರವೂ ಇತ್ತು. ಹಳೆಯ ಆಂಪಿನ ಸ್ಪೀಕರ್ ಕಾಗದದ್ದು, ಅಷ್ಟು ಮೇಲಿನ ಸದ್ದನ್ನು ಅದು ಹೊರಗೆ ಬಿಡುತ್ತಲೇ ಇರಲಿಲ್ಲ. ಈ ಪೆಟ್ಟಿಗೆ ಎಲ್ಲವನ್ನೂ ಬಿಡುತ್ತಿತ್ತು. ಎಂಟು ಹಾಡುಗಳ ಕೆಲಸ ಕೊಟ್ಟಿದ್ದ ಸಂಗೀತ ನಿರ್ದೇಶಕರು ಮೊದಲ ಹಾಡನ್ನೇ ಎರಡು ಸಲ ವಾಪಸ್ ಕಳಿಸಿದರು. “ಕಿವಿಗೆ ಚುಚ್ಚುತ್ತೆ ಮೇಡಂ. ಇನ್ನೊಂದ್ಸಲ ಹಿಂಗೇ ಬಂದ್ರೆ ಬೇರೆಯವರನ್ನ ನೋಡ್ಕೋತೀವಿ” ಎಂದರು. ಫೋನಿಟ್ಟು ಮೇಜಿನ ಮೇಲೆ ತಲೆಯಿಟ್ಟುಕೊಂಡು ಕೂತೆ. ನನ್ನ ಕೈಯೇ ಸರಿಯಿಲ್ಲ, ಇಷ್ಟು ವರ್ಷ ಜನರನ್ನು ಏಮಾರಿಸಿಕೊಂಡು ಬಂದಿದ್ದೇನೆ ಎನ್ನಿಸಿತು.

ಸ್ವಲ್ಪ ಹೊತ್ತಿಗೆ ಆಂಟಿ ಬಾಗಿಲಿಗೆ ಬಂದರು. ಗಲಾಟೆ ಎಂದು ದೂರಲು ಬಂದಿದ್ದಾರೆಂದುಕೊಂಡು ಮೊದಲು ಕಿಟಕಿ ಮುಚ್ಚಲು ಹೋದೆ. “ಅದ್ಯಾಕ್ ಮುಚ್ತೀಯಾ? ತೆಗ್ದೇ ಇರ್ಲಿ” ಎಂದರು. ನಿರ್ದೇಶಕರ ಮಾತಿಗೆ ನಾನು ಕೊಟ್ಟ ಉತ್ತರವೆಲ್ಲ ಕಿಟಕಿಯಿಂದ ಅವರಿಗೆ ಕೇಳಿಸಿತ್ತು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, “ನಿನ್ ಕೈ ಚೆನ್ನಾಗೇ ಇದೆ. ನಾಲ್ಕು ಸಾವಿರದ ಮೇಲೆ ಗಲಾಟೆ, ಅಷ್ಟೇ” ಎಂದರು. ನಾನು ಬಾಯಿಬಿಟ್ಟುಕೊಂಡು ನೋಡಿದೆ. ಸ್ವರದ ಎತ್ತರವನ್ನು ಹೀಗೆ ಹರ್ಟ್ಜ್ ಲೆಕ್ಕದ ಅಂಕಿಯಲ್ಲಿ ಹೇಳುವುದು ನಮ್ಮ ಕಸುಬಿನವರ ಮಾತು. ಅವರ ಕಸುಬಿನಲ್ಲೂ ಅದೇ ಅಂಕಿಗಳು ಎಂದು ನನಗೆ ಹೊಳೆದೇ ಇರಲಿಲ್ಲ.

ಕಂಪ್ಯೂಟರಿನಲ್ಲಿ ಈಕ್ವಲೈಜರ್ ಎಂಬುದಿರುತ್ತದೆ. ಸದ್ದಿನ ಕೆಳಗಿನ, ನಡುವಿನ, ಮೇಲಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಲಕರಣೆ. ನಾನು ಅಂದಾಜಿನ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಇಳಿಸಿ ಗಿಟಾರನ್ನು ಮಂಕು ಮಾಡುತ್ತಿದ್ದೆ. ಅವರು ತಡೆದರು. “ಮೊದ್ಲೇ ಇಳಿಸ್ಬೇಡ. ಏರ್ಸು. ಸಣ್ಣ ಜಾಗ ಹಿಡ್ಕೊಂಡು ಏರ್ಸಿ, ಮೆತ್ತಗೆ ಮೇಲಕ್ಕೆ ಸರಿಸ್ತಾ ಹೋಗು. ಎಲ್ಲಿ ತಡೆಯೋಕಾಗಲ್ವೋ ಅದೇ ಜಾಗ.”

ನುಡಿಸಿದ್ದ ತುಣುಕನ್ನು ಮತ್ತೆ ಮತ್ತೆ ಬರುವ ಹಾಗೆ ಬಿಟ್ಟು, ಮೂರು ಸಾವಿರದಿಂದ ಸರಿಸುತ್ತಾ ಹೋದೆ. ನಾಲ್ಕಕ್ಕೆ ಅಲ್ಲವೆಂದು ತಲೆಯಾಡಿಸಿದರು. ಐದಕ್ಕೂ ಅಲ್ಲ ಎಂದರು. ಆರು ಸಾವಿರದ ಹತ್ತಿರ ಬಂದಾಗ “ನಿಲ್ಸು” ಎಂದರು. ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಆಂಟಿ ಮಾತ್ರ ಕಣ್ಣು ಮುಚ್ಚಿ ಕೂತಿದ್ದರು. ಕುರ್ಚಿಯ ತೋಳಿನ ಮೇಲೆ ಅವರ ಐದೂ ಬೆರಳು ಮಲಗಿದ್ದವು. “ಇಳಿಸ್ಲಾ ಆಂಟಿ?” ಎಂದೆ. “ತಾಳು. ಒಂದ್ ನಿಮಿಷ ಇರ್ಲಿ” ಎಂದರು. ಒಂದು ನಿಮಿಷ ಹೋಗಿ ನಾಲ್ಕೈದಾಯಿತು. ಕಲಿತವರು ಪರೀಕ್ಷೆ ಮಾಡುವ ಕ್ರಮ ಇದೇ ಇರಬೇಕೆಂದುಕೊಂಡು ನಾನೂ ಸಹಿಸಿಕೊಂಡೆ. ಕೊನೆಗೆ ಕಣ್ಣು ತೆರೆದು, ತಮಗೇ ಹೇಳಿಕೊಳ್ಳುವವರ ಹಾಗೆ ಮೆಲ್ಲಗೆ, “ಸರಿ, ಇಳ್ಸು” ಎಂದರು.

ಏರಿಸಿದ್ದ ಅದೇ ಜಾಗವನ್ನು ಕೆಳಕ್ಕೆಳೆದೆ. ತೀರಾ ಮೇಲಿನದನ್ನು ಸ್ವಲ್ಪ ಕತ್ತರಿಸಲು ಹೇಳಿದರು. ನಾನು ಇನ್ನಷ್ಟು ಇಳಿಸಲು ಹೊರಟಾಗ, “ಸಾಕು ಸಾಕು, ಗಿಟಾರು ಕಂಬಳಿ ಹೊದ್ಕೊಂಡ್ ಮಲಗ್ಬುಡುತ್ತೆ” ಎಂದು ಗದರಿದರು. ಚರಚರ ಹೋಗಿ ತಂತಿಯ ಸದ್ದು ದುಂಡಗೆ ಬಂತು. ಅಷ್ಟು ಬೇಗ ಹೇಗೆ ಹಿಡಿದಿರಿ ಎಂದು ಕೇಳಿದ್ದಕ್ಕೆ, “ಆರು ಸಾವಿರದ ಹತ್ರ ನಂಗೆ ಚೆನ್ನಾಗ್ ಗೊತ್ತಿರೋ ಜಾಗ ಕಣಮ್ಮ” ಎಂದರು. ಕಾಫಿ ಲೋಟ ತೆಗೆದುಕೊಳ್ಳುವಾಗ ಬೆರಳು ಮತ್ತೆ ಎದ್ದು ನಿಂತಿತ್ತು.

ಹಾಡು ಒಪ್ಪಿಗೆಯಾಯಿತು. ಎಂಟೂ ಹಾಡು ಮುಗಿದವು, ಅದರ ಹಿಂದೆ ಬೇರೆ ಕೆಲಸಗಳು ಬಂದವು. ಇವತ್ತಿಗೂ ನನ್ನ ಗಿಟಾರಿನ ದನಿಯನ್ನು ಯಾರಾದರೂ ಮೆಚ್ಚಿದರೆ ಅದು ಅವರು ಆ ಮಧ್ಯಾಹ್ನ ಕೊಟ್ಟದ್ದು.

ಮುಂದಿನ ವರ್ಷ ಅವರು ಇಳಿದುಹೋದರು. ಹೊಟ್ಟೆಯ ಕಾಯಿಲೆ. ಚರ್ಚಿಗೆ ಹೋಗುವುದು ನಿಂತಿತು, ತಂಗಿಯೇ ಬಂದು ಜೊತೆಯಲ್ಲಿ ಉಳಿದರು. ಒಂದು ಸಂಜೆ ಆಂಟಿ ಕಿಟಕಿಯ ಸರಳು ಹಿಡಿದು ನಿಂತು, “ಆ ಹಳೇ ಚರಚರ ಇನ್ನೂ ಇಟ್ಟಿದ್ದೀಯಾ?” ಎಂದು ಕೇಳಿದರು. ಹೊಗಳಿಸಿಕೊಳ್ಳುವ ಆತುರ ನನಗೆ. “ಅಯ್ಯೋ, ಅಳಿಸ್ಬುಟ್ಟೆ ಆಂಟಿ! ಅದನ್ನ ಇಟ್ಕೊಂಡು ಪೂಜೆ ಮಾಡ್ಲಾ?” ಎಂದೆ. ಅವರು “ಒಳ್ಳೇದ್ ಮಾಡ್ದೆ ಬುಡು” ಎಂದು ನಕ್ಕರು. ಸರಳಿನ ಮೇಲೆ ಬೆರಳು ನೆಟ್ಟಗೆ ನಿಂತಿತ್ತು. ನಾನು ಒಳಗೆ ಹೋಗಿ ಅವರಿಗೆ ಕೇಳಲೆಂದೇ ದುಂಡನೆಯ ದನಿಯಲ್ಲಿ ಒಂದು ಗಂಟೆ ನುಡಿಸಿದೆ. ಅವರು ಹೋಗಿದ್ದು ಅದಾಗಿ ಮೂರು ವಾರಕ್ಕೆ.

ಚರ್ಚಿನಲ್ಲಿ ಏಳನೆಯ ದಿನದ ಪೂಜೆ ಮುಗಿಸಿ ಅವರ ಮನೆಯಲ್ಲಿ ಕೂತಿದ್ದೆವು. ತಂಗಿ ಎದ್ದು ಹೋಗಿ ಫ್ಯಾನ್ ಆರಿಸಿದರು. ಆ ಮನೆಯಲ್ಲಿ ಫ್ಯಾನ್ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇನ್ಯಾರಿಗೆ ಬೇಕು ಇದು” ಎಂದರು ತಂಗಿ. “ಅಕ್ಕಂಗೆ ಹನ್ನೆರಡು ವರ್ಷದಿಂದ ಕಿವೀಲಿ ಸೀಟಿ ಕಣಮ್ಮ. ಹಗಲೂ ರಾತ್ರಿ, ಒಂದೇ ಸಮ. ಔಷಧಿ ಇಲ್ಲ ಇದಕ್ಕೆ ಅಂತ ಅವಳೇ ಹೇಳ್ತಿದ್ಲು. ಫ್ಯಾನಿಗೆ ಸ್ವಲ್ಪ ಕಮ್ಮಿ ಅನ್ನಿಸೋದು. ಫೋನಲ್ಲಿ ಮಳೆ ಸದ್ದು ಹಾಕ್ಕೊಟ್ಟೆ, ಅದು ಸತ್ತ ಸದ್ದು, ಬೇಡ ಅಂದ್ಲು. ಮಧ್ಯೆ ಒಂದಿಷ್ಟು ತಿಂಗಳು ಮಾತ್ರ ಸುಖವಾಗಿದ್ಲು. ಪಕ್ಕದ ಹುಡುಗಿ ಏನೋ ಚರಚರ ಅನ್ನಿಸ್ತಾಳೆ, ಅವಳು ನುಡಿಸುವಷ್ಟು ಹೊತ್ತು ನನ್ನ ಸೀಟಿ ಕೇಳ್ಸೋದೇ ಇಲ್ಲ, ಒಳಗೆ ಹಾಡೂ ಇರುತ್ತೆ ಅಂತಿದ್ಲು. ಆಮೇಲೆ ಯಾಕೋ ಅದೂ ನಿಂತೋಯ್ತಂತೆ.”

ಯಾಕೆ ನಿಂತಿತೆಂದು ನನಗೆ ಗೊತ್ತಿತ್ತು. ಮನೆಗೆ ಬಂದು ಅತ್ತೆ. ಅವರ ಮೇಲೆ ಸಿಟ್ಟೂ ಬಂತು. ಒಂದು ಮಾತು ಹೇಳಬಾರದಿತ್ತೇ? ಆಮೇಲೆ ನೆನಪಾಯಿತು, ಹೇಳಿದ್ದರು. ಕಿಟಕಿಯಲ್ಲಿ ನಿಂತು ಕೇಳಿಯೇ ಕೇಳಿದ್ದರು. ಮೂವತ್ತು ವರ್ಷ ಊರವರಿಗೆಲ್ಲ ಕೇಳಿಸ್ತಾ, ಕೇಳಿಸ್ತಾ ಎಂದು ಕೇಳಿದವರ ಬೆರಳು ನನ್ನೆದುರಿಗೇ ಎದ್ದು ನಿಂತಿತ್ತು. ಅದು ಸುಳ್ಳು ಬೆರಳಾಗಿರಲಿಲ್ಲ.

ಮರುದಿನ ಕಂಪ್ಯೂಟರ್ ತೆರೆದು ಅವರು ಕಲಿಸಿದ್ದನ್ನೇ ತಿರುಗುಮುರುಗು ಮಾಡಿದೆ. ಕತ್ತರಿಸಿದ್ದ ಮೇಲಿನ ಸದ್ದನ್ನು ಬಿಟ್ಟೆ, ಆರು ಸಾವಿರದ ಹತ್ತಿರ ಇಳಿಸಿದ್ದನ್ನು ಏರಿಸಿದೆ. ಅದೇ ಚರಚರ, ಒಂದಿಷ್ಟೂ ಬದಲಾಗದೆ ಬಂತು. ಎದುರಿನ ಕಿಟಕಿ ಮುಚ್ಚಿತ್ತು. ಆ ಅಜ್ಜನ ಬೆರಳನ್ನು ಅವರು ಎದ್ದು ಹೋಗಿ ಇಳಿಸಿದ್ದರು. ಅವರದನ್ನು ಇಳಿಸಲು ನಾನು ಕೂತಲ್ಲಿಂದ ಏಳಬೇಕಾಗಿಯೂ ಇರಲಿಲ್ಲ, ಎರಡು ನಿಮಿಷದ ಕೆಲಸ.